ಧೂಳು ಹಿಡಿಯದ ಕಿವಿ

ನಾಲ್ಕನೇ ತಿರುಪು ಬಿಚ್ಚಿ ಅಂಗೈಗೆ ಬಿದ್ದಾಗ ಇಸ್ಕ್ರಾ ದೊಬ್ರೆವಾಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ವಕೀಲರ ಮೇಜಿನ ಕೆಳಗೆ ಮಂಡಿಯೂರಿ ಕೂತಿದ್ದ ಅವಳು ಎಕ್ಸ್‌ಟೆನ್ಷನ್ ಬೋರ್ಡಿನ ಮುಚ್ಚಳ ಎತ್ತಿ ಟಾರ್ಚು ಬಿಟ್ಟಳು. ತಾಮ್ರದ ಪಟ್ಟಿಗಳ ಸಂದಿಯಲ್ಲಿ ಬೆರಳುಗುರಿನಷ್ಟು ಹಸಿರು ಹಲಗೆ, ಅದರ ತುದಿಯಲ್ಲಿ ಮೆಣಸಿನ ಕಾಳಿನಷ್ಟು ಮೈಕು, ಮಗ್ಗುಲಿಗೊಂದು ಸಿಮ್ ಕಾರ್ಡು. ಕೋಣೆಯಲ್ಲಿ ಆಡಿದ ಮಾತನ್ನು ಎಲ್ಲೋ ಕೂತವರ ಫೋನಿಗೆ ಮುಟ್ಟಿಸುವ ಯಂತ್ರ. ಇಸ್ಕ್ರಾಳ ಕಸುಬಿನವರು ಇದಕ್ಕೆ ‘ಕಿವಿ’ ಎನ್ನುತ್ತಾರೆ.

ಬಾಗಿಲ ಬಳಿ ನಿಂತಿದ್ದ ಗುಮಾಸ್ತೆ ಪಾವ್ಲಿನಾ ಬಾಯಿಗೆ ಕೈ ಅಡ್ಡ ಹಿಡಿದಳು. ಈ ಕೋಣೆಯೊಳಗೆ ಒಂದು ಮಾತೂ ಕೂಡದು ಎಂದು ಇಸ್ಕ್ರಾ ಬೆಳಿಗ್ಗೆಯೇ ಚೀಟಿ ಬರೆದು ತೋರಿಸಿದ್ದಳು.

ಇಸ್ಕ್ರಾ ಟಾರ್ಚನ್ನು ಇನ್ನಷ್ಟು ಹತ್ತಿರ ತಂದಳು. ಬೋರ್ಡಿನ ಒಳಗೆಲ್ಲ ಹತ್ತು ವರ್ಷದ ಧೂಳು ಬೂದಿಯ ಹಾಗೆ ಕೂತಿತ್ತು. ಹಸಿರು ಹಲಗೆಯ ಮೇಲೆ ಮಾತ್ರ ಒಂದು ಕಣವೂ ಇಲ್ಲ. ತಿರುಪುಗಳ ತಲೆಯ ಮೇಲೆ ಹೊಸ ಗೀರು ಫಳಫಳ ಹೊಳೆಯುತ್ತಿತ್ತು.

ಅವಳು ಏನನ್ನೂ ಕೀಳಲಿಲ್ಲ. ಮುಚ್ಚಳವನ್ನು ಮೊದಲಿದ್ದ ಹಾಗೇ ಕೂರಿಸಿ, ಪಾವ್ಲಿನಾಗೆ ಕಣ್ಣಲ್ಲೇ ‘ಆಚೆ ನಡೀರಿ’ ಎಂದಳು.

ಮೊಗಸಾಲೆ ದಾಟಿದರೆ ಆಫೀಸಿನ ಪುಟ್ಟ ಅಡಿಗೆಮನೆ. ಅದನ್ನು ಇಸ್ಕ್ರಾ ಎಲ್ಲಕ್ಕಿಂತ ಮೊದಲೇ ಶೋಧಿಸಿ, ಮಾತಾಡಲು ತಕ್ಕ ಜಾಗವೆಂದು ತೀರ್ಮಾನಿಸಿದ್ದಳು. ಗಾಳಿಯಲ್ಲಿ ರೇಡಿಯೋ ಅಲೆ ಸುಳಿದರೆ ಮುಳ್ಳು ಏರಿಸಿ ತೋರಿಸುವ ಮೀಟರು ಅಲ್ಲಿನ ಮೇಜಿನ ಮೇಲಿತ್ತು. ಮುಳ್ಳು ಸೊನ್ನೆಯ ಪಕ್ಕದಲ್ಲೇ ಮಲಗಿತ್ತು. ಎಲ್ಲರ ಫೋನುಗಳೂ ಕೆಳಗಿನ ಗಡಿಯಾರ ರಿಪೇರಿ ಅಂಗಡಿಯಲ್ಲಿದ್ದವು.

“ಸಿಕ್ತಲ್ಲ ಕೊನೆಗೂ!” ಪಾವ್ಲಿನಾ ಕುರ್ಚಿಯ ಮೇಲೆ ಕುಸಿದಳು. “ಹಾಳಾದ್ದು! ಅದ್ರಿಂದ್ಲೇ ವೆಲ್ಕೊನ ಟ್ಯಾಕ್ಸಿ ಸುಟ್ಟು ಬೂದಿಯಾಯ್ತು. ಅದ್ರಿಂದ್ಲೇ ರುಮ್ಯಾನಾ ಸಾಕ್ಷಿ ಹೇಳೋಲ್ಲ ಅಂತ ಕೂತಳು.”

ಊರಾಚೆ ಹಳೆಯ ಬ್ಯಾಟರಿ ಕರಗಿಸುವ ಕಾರ್ಖಾನೆಯ ವಿರುದ್ಧ ಗುಟ್ಟಾಗಿ ಸಾಕ್ಷಿ ಹೇಳಲು ಒಪ್ಪಿದ್ದ ಏಳು ಮಂದಿಯಲ್ಲಿ ಈ ಇಬ್ಬರ ಹೆಸರು ಮೂರು ವಾರದ ಹಿಂದೆಯೇ ಕಾರ್ಖಾನೆಯವರಿಗೆ ಮುಟ್ಟಿತ್ತು.

“ಪಾವ್ಲಿನಾ ಅಕ್ಕ, ಒಂದು ಕೇಳ್ತೀನಿ,” ಎಂದಳು ಇಸ್ಕ್ರಾ. “ಆ ಏಳು ಹೆಸರು ಎಲ್ಲೆಲ್ಲಿವೆ?”

“ಒಂದೇ ಒಂದು ಕಾಗದದಲ್ಲಿ. ಆ ಕಾಗದ ಕಬ್ಬಿಣದ ಪೆಟ್ಟಿಗೇಲಿ. ಕಂಪ್ಯೂಟರಿಗೆ ಹಾಕ್ಬೇಡ ಅಂತ ವಕೀಲರ ಕಟ್ಟಾಜ್ಞೆ. ಒಬ್ಬ ಸಾಕ್ಷಿಗೆ ಇನ್ನೊಬ್ಬರು ಯಾರು ಅಂತ ಕೂಡ ಗೊತ್ತಿಲ್ಲ.”

“ಬಾಯಲ್ಲಿ ಹೇಳಿದ್ದು?”

“ಒಂದೇ ಸಲ. ಮಾರ್ಚ್ ಮೊದಲ ವಾರ. ಆ ಕೋಣೇಲೇ. ವಕೀಲರು ಓದಿದ್ರು, ನಾನೂ ಅಸೆನ್ನೂ ಕೇಳಿಸಿಕೊಂಡ್ವಿ.”

ಅಸೆನ್ ಎಂದರೆ ಕಿರಿಯ ವಕೀಲ. ಎರಡು ವರ್ಷದಿಂದ ಇಲ್ಲಿದ್ದಾನೆ. ಅವನ ಹೆಸರು ಹೇಳುವಾಗ ಪಾವ್ಲಿನಾಳ ಮೂಗು ಸುಕ್ಕಾದದ್ದನ್ನು ಇಸ್ಕ್ರಾ ಗಮನಿಸಿದಳು.

“ಹಾಗಾದ್ರೆ ಈಗ ಸಿಕ್ಕಿದ್ದು ಆ ಕಳ್ಳ ಅಲ್ಲ,” ಎಂದಳು. “ಅದರ ಮೇಲೆ ಧೂಳೇ ಇಲ್ಲ. ಅದನ್ನಿಟ್ಟು ಎರಡು ಮೂರು ದಿನ ಆಗಿರಬಹುದು, ಅಷ್ಟೇ. ಹೆಸರು ಸೋರಿ ಮೂರು ವಾರ ಆಯ್ತು.”

“ಅಂದ್ರೆ?”

“ಅಂದ್ರೆ ಅದನ್ನ ನಾನು ಹುಡುಕಲಿ ಅಂತಾನೇ ಇಟ್ಟಿದ್ದಾರೆ. ಹುಡುಕಿ, ಬೆನ್ನು ತಟ್ಟಿಸಿಕೊಂಡು, ಪೆಟ್ಟಿಗೆ ಎತ್ಕೊಂಡು ಮನೆಗೆ ಹೋಗಲಿ ಅಂತ. ನಾನು ಇವತ್ತು ಬರೋದು ಯಾರಿಗೆ ಗೊತ್ತಿತ್ತು?”

ಪಾವ್ಲಿನಾ ಕಪ್ಪಿನ ಅಂಚನ್ನು ಬೆರಳಿನಿಂದ ಸುತ್ತಿದಳು. “ಶನಿವಾರ ಮಧ್ಯಾಹ್ನ ವಕೀಲರು ಹೇಳಿದ್ರು. ನಮ್ಮಿಬ್ಬರಿಗೂ.”

ಇಂದು ಮಂಗಳವಾರ.

ಹದಿನೆಂಟು ವರ್ಷ ಸೈನ್ಯದ ಸಿಗ್ನಲ್ ದಳದಲ್ಲಿ ದುಡಿದ ಇಸ್ಕ್ರಾಗೆ ಒಂದು ಅಭ್ಯಾಸ ಮೈಗೂಡಿತ್ತು. ಹುಡುಕಾಟದಲ್ಲಿ ಮೊದಲು ಸಿಕ್ಕಿದ್ದನ್ನು ಅವಳು ಎಂದೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅವಳು ಎದ್ದು, ಚೀಲದಿಂದ ಉದ್ದ ಹಿಡಿಕೆಯ ತಟ್ಟೆಯನ್ನು ಹೊರತೆಗೆದು ಜೋಡಿಸಿದಳು.

“ಇದೇನಿದು, ನಿಧಿ ಹುಡುಕ್ತೀರಾ?” ಪಾವ್ಲಿನಾ ನಗಲು ನೋಡಿದಳು.

“ಮಲಗಿರೋ ಯಂತ್ರ ಹುಡುಕ್ತೀನಿ. ಈ ಮೀಟರಿಗೆ ಕೂಗೋ ಯಂತ್ರ ಮಾತ್ರ ಕೇಳ್ಸುತ್ತೆ. ಈ ತಟ್ಟೆಗೆ ಹಾಗಿಲ್ಲ. ಸ್ವಿಚ್ ಆರಿಸಿದ್ರೂ, ಬ್ಯಾಟರಿ ಸತ್ತಿದ್ರೂ, ಒಳಗೆ ಚಿಪ್ ಇದ್ರೆ ಸಾಕು, ದೀಪ ಹತ್ತಿಸುತ್ತೆ.”

ಪಾವ್ಲಿನಾಳ ನಗು ಅರ್ಧಕ್ಕೇ ನಿಂತಿತು.

ಇಸ್ಕ್ರಾ ಅದನ್ನೂ ಗಮನಿಸಿದಳು.

*

ಕೋಣೆಯ ಉತ್ತರದ ಗೋಡೆಯ ಉದ್ದಕ್ಕೂ ಪುಸ್ತಕದ ಕಪಾಟು. ಇಸ್ಕ್ರಾ ತಟ್ಟೆಯನ್ನು ಒಂದೊಂದೇ ಅರೆಯ ಮುಂದೆ, ಇಸ್ತ್ರಿ ಮಾಡುವವರ ಹಾಗೆ, ನಿಧಾನವಾಗಿ ಸವರುತ್ತ ಹೋದಳು. ಎರಡನೇ ಅರೆಯಲ್ಲಿ ದೀಪ ಮಿನುಗಿತು. ರಬ್ಬರ್ ಸುತ್ತಿಗೆಯಿಂದ ಮರಕ್ಕೆ ಮೆಲ್ಲಗೆ ಬಡಿದಳು. ದೀಪ ನಡುಗಿತು. ಅದು ತುಕ್ಕು ಹಿಡಿದ ಮೊಳೆ. ತುಕ್ಕನ್ನೂ ತಟ್ಟೆ ಯಂತ್ರವೆಂದೇ ಭ್ರಮಿಸುತ್ತದೆ. ಆದರೆ ಬಡಿದರೆ ತುಕ್ಕಿಗೆ ಹತ್ತಿದ ದೀಪ ಅಲುಗುತ್ತದೆ, ಚಿಪ್‌ಗೆ ಹತ್ತಿದ್ದು ಅಲುಗುವುದಿಲ್ಲ.

ಕೆಳಗಿನ ಅರೆಯಲ್ಲಿ ಹಳೆಯ ಸರ್ಕಾರಿ ಗೆಜೆಟ್ಟುಗಳ ದಪ್ಪ ಸಂಪುಟಗಳಿದ್ದವು. ಅಲ್ಲಿ ದೀಪ ಮತ್ತೆ ಹತ್ತಿತು. ಬಡಿದಳು. ಅಲುಗಲಿಲ್ಲ. ಇನ್ನೊಮ್ಮೆ, ಜೋರಾಗಿ. ದೀಪ ಸ್ಥಿರವಾಗಿ ಉರಿಯಿತು.

ಸಂಪುಟವನ್ನು ಎಳೆದು ತೆರೆದಳು. ಬೆನ್ನಿನ ಕಡೆ ಪುಟಗಳನ್ನು ಬ್ಲೇಡಿನಿಂದ ಚೊಕ್ಕವಾಗಿ ಕೊರೆದು ಗೂಡು ಮಾಡಿದ್ದರು. ಗೂಡಿನಲ್ಲಿ ಬಟ್ಟೆಯ ಸಣ್ಣ ಚೀಲ, ಚೀಲದೊಳಗೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ರೆಕಾರ್ಡರ್. ಸಿಮ್ ಇಲ್ಲ, ಆಂಟೆನಾ ಇಲ್ಲ. ಅದು ಯಾರಿಗೂ ಏನನ್ನೂ ಕಳಿಸುವುದಿಲ್ಲ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಯಾರಾದರೂ ಬಂದು ಬ್ಯಾಟರಿ ಬದಲಿಸಬೇಕು.

ಎಂದರೆ, ಈ ಕೋಣೆಗೆ ಬಂದು ಹೋದರೆ ಯಾರೂ ಪ್ರಶ್ನೆ ಕೇಳದ ಮನುಷ್ಯರು.

ಚೀಲದ ಬಾಯನ್ನು ದಪ್ಪ ನೂಲಿನಿಂದ ಕಟ್ಟಿ, ತುದಿಯಲ್ಲಿ ಎರಡು ಕುಣಿಕೆಯ ಗಂಟು ಹಾಕಿದ್ದರು. ಇಸ್ಕ್ರಾ ತಲೆ ಎತ್ತಿ ಎದುರಿನ ಮೇಜನ್ನು ನೋಡಿದಳು. ನ್ಯಾಯಾಲಯಕ್ಕೆ ಹೋಗಬೇಕಾದ ಕಡತಗಳು ಅಲ್ಲಿ ಸಾಲಾಗಿದ್ದವು. ಒಂದೊಂದರ ಎಡ ಅಂಚಿಗೂ ಅದೇ ದಪ್ಪ ನೂಲು, ಅದೇ ಎರಡು ಕುಣಿಕೆ.

ಅವಳು ತಿರುಗಿದಾಗ ಬಾಗಿಲಲ್ಲಿ ಪಾವ್ಲಿನಾ ಇರಲಿಲ್ಲ.

*

ಪಾವ್ಲಿನಾ ಓಡಿಹೋಗಿರಲಿಲ್ಲ. ಅಡಿಗೆಮನೆಯ ಮೇಜಿನ ಮುಂದೆ ಕೂತು, ಮನೆಯಿಂದ ತಂದಿದ್ದ ಬಾನಿತ್ಸಾ ಕತ್ತರಿಸುತ್ತಿದ್ದಳು. ಪದರ ಪದರದ ಹಿಟ್ಟಿನೊಳಗಿಂದ ಗಿಣ್ಣು ಇಣುಕುತ್ತಿತ್ತು. 

ಇಸ್ಕ್ರಾ ರೆಕಾರ್ಡರನ್ನು ತಟ್ಟೆಯ ಪಕ್ಕದಲ್ಲಿಟ್ಟಳು.

“ಎಷ್ಟು ವರ್ಷ ಆಯ್ತು ಅಕ್ಕ, ಈ ಆಫೀಸಲ್ಲಿ?”

“ಇಪ್ಪತ್ತೆರಡು.”

“ಇಪ್ಪತ್ತೆರಡು ವರ್ಷ ಉಂಡ ಮನೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ ಅಲ್ವಾ?”

ಪಾವ್ಲಿನಾ ಚಾಕು ಕೆಳಗಿಟ್ಟಳು. “ನೋಡಿ ತಾಯಿ, ನೀವು ದೊಡ್ಡ ತಜ್ಞರು. ಆದ್ರೆ ಬಾಯಿಗೆ ಬಂದ ಹಾಗೆ ಆಡ್ಬೇಡಿ.”

“ಗಂಟು ನಿಮ್ಮದೇ ತಾನೆ?”

“ನಂದೇ.”

“ಯಾರಿಗೆ ಕೊಡ್ತಿದ್ರಿ ಇದನ್ನ? ಎಷ್ಟು ಕೊಟ್ರು?”

“ಕೊಡೋದಾ!” ಪಾವ್ಲಿನಾ ಎದ್ದು ನಿಂತಳು. ಊದಿದ ಕಾಲಿಗೆ ತೊಟ್ಟಿದ್ದ ಉಣ್ಣೆಯ ಮೆಟ್ಟು ನೆಲಕ್ಕೆ ಒರಸಿತು. “ನನ್ನ ಮೊಮ್ಮಗಳು ಆ ಕಾರ್ಖಾನೆ ಹಿಂದಿನ ಬೀದೀಲೇ ಹುಟ್ಟಿದ್ದು. ನಾಲ್ಕು ವರ್ಷ ತುಂಬಿತು, ಇನ್ನೂ ಅಜ್ಜಿ ಅನ್ನೋಕೆ ಬರೋಲ್ಲ ಅದಕ್ಕೆ. ರಕ್ತದಲ್ಲಿ ಸೀಸ ಇದೆ ಅಂದ್ರು ಡಾಕ್ಟ್ರು. ನಾನು ಅವರಿಗೆ ಕೊಡ್ತೀನಾ? ನಾನು?”

ಕಣ್ಣೀರು ನಂಬಿ ಮೋಸಹೋದ ಅನುಭವ ಇಸ್ಕ್ರಾಗೂ ಒಂದೆರಡಿತ್ತು.

“ಹಾಗಾದ್ರೆ ಯಾಕೆ ಇಟ್ರಿ?”

“ವೆಲ್ಕೊನ ಟ್ಯಾಕ್ಸಿ ಸುಟ್ಟ ಮಾರನೇ ದಿನ ಅಸೆನ್ ಏನಂದ ಗೊತ್ತಾ? ‘ಹೆಸರು ಗೊತ್ತಿದ್ದಿದ್ದು ಮೂರೇ ಜನಕ್ಕೆ’ ಅಂದ. ಅಂದು ನನ್ನ ಮುಖಾನೇ ನೋಡಿದ. ನಾನು ಮುದುಕಿ, ಗುಮಾಸ್ತೆ, ನನ್ನ ಮೇಲೆ ಹಾಕೋದು ಸುಲಭ. ಅವನೋ ಹೊಸ ಕಾರು ತಗೊಂಡಿದ್ದ. ಅದಕ್ಕೇ ಇದನ್ನ ತಂದಿಟ್ಟೆ. ನಾವಿಲ್ಲದಾಗ ಆ ಕೋಣೆಗೆ ಬಂದು ಅವನೇನು ಮಾಡ್ತಾನೆ, ಯಾರ ಹತ್ರ ಮಾತಾಡ್ತಾನೆ, ಕೇಳೋಣ ಅಂತ.”

“ಕೇಳಿದ್ರಾ?”

“ಎಲ್ಲಾನೂ. ಅವನು ಒಬ್ಬನೇ ಇದ್ದಾಗ ಹಾಡ್ಕೋತಾನೆ, ಕೆಟ್ಟದಾಗಿ. ಅಷ್ಟೇ.” ಅವಳು ಮೂಗು ಒರೆಸಿಕೊಂಡಳು. “ಶುಕ್ರವಾರದಿಂದ ಈಚೆಗಿನದು ಕೇಳಿಲ್ಲ. ಇದರಲ್ಲೇ ಇದೆ.”

“ವಕೀಲರಿಗೆ ಹೇಳಿದ್ರಾ?”

ಇಲ್ಲವೆಂದು ಪಾವ್ಲಿನಾ ಗಲ್ಲ ಮೇಲೆತ್ತಿದಳು. “ಯಾವ ಮುಖ ಇಟ್ಕೊಂಡು ಹೇಳಲಿ?”

ನಂಬಬೇಕೆಂದು ಮನಸ್ಸು ಹೇಳುತ್ತಿತ್ತು. ಕಸುಬು ಬೇಡವೆನ್ನುತ್ತಿತ್ತು. ಇಸ್ಕ್ರಾ ರೆಕಾರ್ಡರಿನಿಂದ ಮೆಮರಿ ಕಾರ್ಡು ತೆಗೆದು ತನ್ನ ಯಂತ್ರಕ್ಕೆ ಹಾಕಿದಳು. ಇಯರ್‌ಫೋನಿನ ಒಂದು ಗುಂಡಿ ತನ್ನ ಕಿವಿಗಿಟ್ಟುಕೊಂಡು ಇನ್ನೊಂದನ್ನು ಪಾವ್ಲಿನಾಗೆ ಕೊಟ್ಟಳು.

ಸದ್ದಾದಾಗ ಮಾತ್ರ ಎಚ್ಚರಗೊಳ್ಳುವ ರೆಕಾರ್ಡರ್ ಅದು. ಶುಕ್ರವಾರ ಕುರ್ಚಿ ಎಳೆದ ಸದ್ದು, ವಕೀಲರ ಕೆಮ್ಮು, ಅಸೆನ್‌ನ ಹಾಡು. ಶನಿವಾರ ನೆಲ ಒರೆಸುವ ಬಕೆಟ್ಟು. ಭಾನುವಾರ ಆಫೀಸಿಗೆ ರಜೆ. ಆದರೂ ಭಾನುವಾರದ ಹೆಸರಿನಲ್ಲಿ ಒಂದು ತುಣುಕಿತ್ತು. ಹನ್ನೊಂದು ನಿಮಿಷ.

ಬೀಗ ತಿರುಗಿತು. ಒಡೆದದ್ದಲ್ಲ, ಬೀಗದ ಕೈ ಹಾಕಿ ತೆರೆದದ್ದು. ಬಾಗಿಲು ಮುಚ್ಚಿತು. ಆಮೇಲೆ ಮರದ ನೆಲದ ಮೇಲೆ ಟಕ್, ಟಕ್, ಟಕ್. ಎತ್ತರದ ಹಿಮ್ಮಡಿಯ ಮೆಟ್ಟು. ಮೇಜಿನ ತನಕ ಬಂದು ನಿಂತಿತು. ತಿರುಪು ಬಿಚ್ಚುವ ಕಿರ್ ಕಿರ್ ಸದ್ದು. ನಾಲ್ಕು ಸಲ. ನಡುವೆ ಒಂದು ಸೀನು, ಅಂಗೈಯಲ್ಲಿ ಒತ್ತಿ ಹಿಡಿದದ್ದು. ಮತ್ತೆ ನಾಲ್ಕು ಸಲ ಕಿರ್ ಕಿರ್. ಟಕ್, ಟಕ್. ಬೀಗ.

ಒಂದು ಮಾತೂ ಇಲ್ಲ.

“ಅಸೆನ್ ಅಲ್ಲ,” ಎಂದಳು ಪಾವ್ಲಿನಾ. “ಹೆಂಗಸು.”

ಇಸ್ಕ್ರಾ ಅವಳ ಕಾಲಿನ ಕಡೆ ನೋಡಿದಳು.

“ನೋಡಿ, ಚೆನ್ನಾಗಿ ನೋಡಿ!” ಪಾವ್ಲಿನಾ ಲಂಗ ಎತ್ತಿ ಊದಿದ ಕಣಕಾಲು ತೋರಿಸಿದಳು. “ಇಂಥ ಕಾಲಿಗೆ ಹಿಮ್ಮಡಿ ಮೆಟ್ಟು ಹಾಕಿದ್ರೆ ಈ ಹೊತ್ತಿಗೆ ಆಸ್ಪತ್ರೇಲಿ ಇರ್ತಿದ್ದೆ!”

“ಬೀಗದ ಕೈ ಎಷ್ಟಿವೆ?”

“ಮೂರು. ವಕೀಲರದ್ದು, ಅಸೆನಂದು, ನಂದು.” ಅವಳು ಕೊರಳಿನ ದಾರ ಎಳೆದು ತನ್ನದನ್ನು ತೋರಿಸಿದಳು. “ಇದು ಸ್ನಾನಕ್ಕೆ ಹೋದ್ರೂ ಕೊರಳಲ್ಲೇ.”

ಅಸೆನ್‌ಗೆ ಗೆಳತಿ ಇದ್ದಾಳೆಯೇ? ಇರಬಹುದು. ವಕೀಲರಿಗೆ? ಅರವತ್ತೆಂಟು ವರ್ಷದ ವಿಧುರ ಲ್ಯುಬೆನ್ ಹಾಜಿಯೆವ್. ಹತ್ತು ದಿನದ ಹಿಂದೆ ಡಾನ್ಯೂಬ್ ದಂಡೆಯ ಬೆಂಚಿನ ಮೇಲೆ ಕೂತು ಈ ಕೆಲಸ ಒಪ್ಪಿಸುವಾಗ ಆತ ಹೇಳಿದ್ದ ಮಾತು ಇಸ್ಕ್ರಾಗೆ ನೆನಪಾಯಿತು. “ನನ್ನ ಹತ್ರ ಇರೋದು ಏಳು ಜನರ ಪ್ರಾಣ. ಉಳಿದದ್ದೆಲ್ಲ ಬರೀ ಕಾಗದ.” ಒಳ್ಳೆಯ ಮನುಷ್ಯ. ಆದರೆ ಒಳ್ಳೆಯವರೆಂದು ಯಾರನ್ನೂ ಶೋಧದಿಂದ ಬಿಡುವ ಹಾಗಿಲ್ಲ.

“ವಕೀಲರು ಈಗೆಲ್ಲಿ?”

“ಬೆಳಿಗ್ಗೆ ಆರಕ್ಕೇ ಹೋದ್ರು. ಉಳಿದ ಸಾಕ್ಷಿಗಳನ್ನ ಎಲ್ಲಿಗೋ ಸಾಗಿಸ್ತೀನಿ ಅಂದ್ರು. ಎಲ್ಲಿಗೆ ಅಂತ ನನಗೂ ಹೇಳಲಿಲ್ಲ, ಅಸೆನ್‌ಗೂ ಹೇಳಲಿಲ್ಲ. ಮುಖ್ಯವಾಗಿ ಆ ಸ್ವಿಲೆನಾನ ಕಾಪಾಡ್ಬೇಕು. ಕಾರ್ಖಾನೆ ಲ್ಯಾಬಿನ ಹುಡುಗಿ. ಸೀಸದ ನಿಜವಾದ ಲೆಕ್ಕ ಬರೆದ ನೋಟುಬುಕ್ಕು ಇರೋದು ಅವಳ ಹತ್ರ ಮಾತ್ರ. ಅವಳು ಸಾಕ್ಷಿ ಹೇಳಿದ್ರೆ ಕೇಸು ಗೆದ್ದ ಹಾಗೇ.”

ಕೆಳಗೆ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಸದ್ದಾಯಿತು. ಜೊತೆಗೆ ಒಂದು ಕೆಮ್ಮು.

“ಬಂದ್ರು,” ಪಾವ್ಲಿನಾ ರೆಕಾರ್ಡರನ್ನು ಟವಲಿನ ಕೆಳಗೆ ತಳ್ಳಿದಳು. “ನಾನೇ ಹೇಳ್ತೀನಿ. ದಯವಿಟ್ಟು, ನಾನೇ ಹೇಳ್ತೀನಿ.”

*

ಲ್ಯುಬೆನ್ ಹಾಜಿಯೆವ್ ಕೋಟಿನ ತುಂಬ ಹೊರಗಿನ ಚಳಿ ಹೊತ್ತು ಒಳಗೆ ಬಂದ. ಮುಖದಲ್ಲಿ ದಣಿವಿತ್ತು, ಆದರೆ ಹುರುಪೂ ಇತ್ತು.

“ಫೋನು ಕೆಳಗೆ ಕೊಟ್ಟೇ ಬಂದೆ ಇಸ್ಕ್ರಾ ಅವರೇ, ಬೈಬೇಡಿ,” ಎಂದು ನಕ್ಕ. ಕುರ್ಚಿಯಲ್ಲಿ ಕೂರುತ್ತಲೇ ಬಾನಿತ್ಸಾದ ಒಂದು ತುಂಡಿಗೆ ಕೈ ಹಾಕಿದ. “ಎಲ್ಲ ಸುಸೂತ್ರ ಆಯ್ತು. ಇನ್ನು ಅವರ ತಂಟೆಗೆ ಯಾರೂ ಬರೋಲ್ಲ. ನಮ್ಮಕ್ಕನ ಹಳೇ ಮನೆಗೆ ಕರ್ಕೊಂಡು ಹೋದೆ. ಚೆರ್ವೆನ್ ದಾರೀಲಿ, ನೀರಿನ ತೊಟ್ಟಿ ದಾಟಿದ ಮೇಲೆ ಎರಡನೇ ಗೇಟು, ಹಸಿರು—”

ಇಸ್ಕ್ರಾಳ ಕಣ್ಣು ಮೀಟರಿನ ಮೇಲೆ ಬಿತ್ತು.

ಬೆಳಗಿನಿಂದ ಮಲಗಿದ್ದ ಮುಳ್ಳು ಎದ್ದು, ಕೆಂಪು ಗೆರೆ ದಾಟಿ, ಕೊನೆಯ ಅಂಚಿಗೆ ಬಡಿದುಕೊಳ್ಳುತ್ತಿತ್ತು.

ಅವಳು ಮೇಜಿನ ಮೇಲಿಂದಲೇ ಹಾರಿ ವಕೀಲನ ಬಾಯಿ ಒತ್ತಿ ಹಿಡಿದಳು. ಕಪ್ಪು ಉರುಳಿತು. ಪಾವ್ಲಿನಾ ಚೀರಲು ಬಾಯ್ತೆರೆದವಳು ಇಸ್ಕ್ರಾಳ ಮುಖ ನೋಡಿ ಚೀರನ್ನು ನುಂಗಿಕೊಂಡಳು. ಹಾಜಿಯೆವ್ ಕಣ್ಣರಳಿಸಿ ಕೂತಿದ್ದ. ಬಾಯಲ್ಲಿ ಬಾನಿತ್ಸಾ ಹಾಗೇ ಇತ್ತು.

ಅವನನ್ನು ಬಿಟ್ಟು, ಚೀಟಿಯ ಮೇಲೆ ಇಸ್ಕ್ರಾ ದೊಡ್ಡಕ್ಷರದಲ್ಲಿ ಬರೆದಳು: ‘ನಿಮ್ಮ ಮೈಮೇಲೆ ಕಿವಿ ಇದೆ.’

ವಕೀಲ ಬೆಚ್ಚಿ ತನ್ನ ಕಿವಿಗಳನ್ನೇ ಮುಟ್ಟಿಕೊಂಡ. ಎರಡೂ ಕಿವಿಯಲ್ಲಿ ಕಿವುಡುತನದ ಯಂತ್ರಗಳಿದ್ದವು. ಅವನ್ನು ತೆಗೆಯುವಂತೆ ಇಸ್ಕ್ರಾ ಸನ್ನೆ ಮಾಡಿದಳು. ತೆಗೆದು ಕೊಟ್ಟ. ಅವನ್ನು ಮೊಗಸಾಲೆಯ ಕೊನೆಯ ಕಿಟಕಿಯಲ್ಲಿಟ್ಟು ಬಂದಳು. ಮುಳ್ಳು ಇಳಿಯಲಿಲ್ಲ.

ಗಡಿಯಾರ ಬಿಚ್ಚಿದ. ಇಳಿಯಲಿಲ್ಲ. ಕನ್ನಡಕ, ಪೆನ್ನು, ಬೀಗದ ಕೈಗಳ ಗೊಂಚಲು. ಇಳಿಯಲಿಲ್ಲ. ಕೊನೆಗೆ ಕೋಟು ಬಿಚ್ಚಿ ಕೊಟ್ಟ. ಮೀಟರನ್ನು ಅದರ ಮೇಲೆ ಆಡಿಸಿದಾಗ ಒಳಜೇಬಿನ ಹತ್ತಿರ ಮುಳ್ಳು ಹುಚ್ಚೆದ್ದು ಕುಣಿಯಿತು.

ಜೇಬಿನಲ್ಲಿ ಬಿಳಿಯ ನುಣುಪಾದ ಡಬ್ಬಿಯೊಂದಿತ್ತು. ಕಿವಿಯ ಯಂತ್ರಗಳನ್ನು ಇಟ್ಟು ಚಾರ್ಜ್ ಮಾಡುವ ಡಬ್ಬಿ. ಇಸ್ಕ್ರಾ ಅದನ್ನು ಅಂಗೈಯಲ್ಲಿ ತೂಗಿದಳು. ಇಷ್ಟು ಭಾರ ಇರಬಾರದು. ತಳದ ಸಂದಿಗೆ ಸಣ್ಣ ಚಾಕು ತೂರಿಸಿ ಮೀಟಿದಳು. ತಳದ ಕೆಳಗೆ ಇನ್ನೊಂದು ತಳ. ಅದರಲ್ಲಿ ಮೈಕು, ಸಿಮ್, ಚಪ್ಪಟೆ ಬ್ಯಾಟರಿ. ಅಂಚಿನಲ್ಲಿ ತಿಂಗಳುಗಟ್ಟಲೆ ಜೇಬಿನ ನೂಲು, ಕೊಳೆ, ತಂಬಾಕಿನ ಪುಡಿ ಮೆತ್ತಿಕೊಂಡಿತ್ತು.

ಇದು ಹಳೆಯದು. ಆ ಏಳು ಹೆಸರನ್ನು ಓದಿದ ದಿನ ಈ ಡಬ್ಬಿ ಆ ಕೋಣೆಯಲ್ಲೇ, ವಕೀಲನ ಎದೆಯ ಮೇಲೇ ಇತ್ತು. ದಿನವೂ ಮಲಗುವ ಮುಂಚೆ ಅವನೇ ಕೈಯಾರೆ ಅದಕ್ಕೆ ಚಾರ್ಜ್ ತುಂಬಿದ್ದ.

ಪಾವ್ಲಿನಾ ಬಾನಿತ್ಸಾ ಸುತ್ತಿ ತಂದಿದ್ದ ಅಲ್ಯುಮಿನಿಯಂ ಹಾಳೆಯನ್ನು ಇಸ್ಕ್ರಾ ಕಸಿದುಕೊಂಡು ಡಬ್ಬಿಗೆ ಮೂರು ಸುತ್ತು ಬಿಗಿಯಾಗಿ ಸುತ್ತಿದಳು. ಮುಳ್ಳು ಒಂದು ಕ್ಷಣ ತಡವರಿಸಿ ಸೊನ್ನೆಗೆ ಬಿತ್ತು.

ಈಗ ಮಾತಾಡಬಹುದಿತ್ತು.

“ವಿಳಾಸ ಅವರಿಗೆ ಹೋಯ್ತು,” ಎಂದಳು. “ಎರಡನೇ ಗೇಟು ಅನ್ನೋ ತನಕ ಹೋಯ್ತು. ವಕೀಲರೇ, ಈ ಡಬ್ಬಿ ನಿಮಗೆ ಯಾರು ತಂದುಕೊಟ್ಟಿದ್ದು?”

“ಆಂ?” ಹಾಜಿಯೆವ್ ಕಿವಿಗೆ ಅಂಗೈ ಹಿಡಿದ. ಯಂತ್ರಗಳಿಲ್ಲದೆ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ.

ಚೀಟಿಯ ಮೇಲೆ ಬರೆದು ಮುಂದೆ ತಳ್ಳಿದಳು. ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಅವನು ಓದಿದ. ಎರಡು ಸಲ ಓದಿದ.

“ಇದಾ? ಜನವರೀಲಿ ಹಳೇ ಡಬ್ಬಿ ಎಲ್ಲೋ ಕಳೆದುಹೋಯ್ತು,” ಕಿವುಡರು ಆಡುವ ಹಾಗೆ ಗಟ್ಟಿಯಾಗಿ ಹೇಳಿದ. “ಸ್ವಿಲೆನಾ ತಂದುಕೊಟ್ಟಳು. ಪಾಪ, ಅಂಗಡಿ ಅಂಗಡಿ ಅಲೆದು ಹುಡುಕಿದಳಂತೆ. ನನ್ನನ್ನ ಅಜ್ಜ ಅಂತಾನೇ ಕರೀತಾಳೆ.”

“ಆ ಹಿಮ್ಮಡಿ ಮೆಟ್ಟು ಅವಳದ್ದೇ, ವಕೀಲರ ಬೀಗದ ಕೈ ನಕಲು ಮಾಡಿಸಿರ್ಬೇಕು,” ಎಂದಳು ಪಾವ್ಲಿನಾ.

ಇಸ್ಕ್ರಾಳ ಪೆನ್ಸಿಲಿನ ಮೊನೆ ಕಾಗದವನ್ನು ಹರಿಯಿತು. ‘ಸ್ವಿಲೆನಾ ಈಗ ಎಲ್ಲಿ?’

“ಅಲ್ಲೇ ಇದ್ದಾಳಲ್ಲ, ಆ ಮನೇಲಿ,” ಎಂದ ಮುದುಕ. ಇಬ್ಬರು ಹೆಂಗಸರ ಮುಖವನ್ನೂ ಒಂದಾದ ಮೇಲೊಂದು ನೋಡಿದ. ಏನೋ ತಪ್ಪಾಗಿದೆಯೆಂದು ಈಗಷ್ಟೇ ಅವನಿಗೆ ಹೊಳೆಯತೊಡಗಿತ್ತು. “ಉಳಿದ ನಾಲ್ವರನ್ನೂ ಅವಳ ವಶಕ್ಕೇ ಒಪ್ಪಿಸಿ ಬಂದೆ. ಹೊರಗಿನಿಂದ ಬೀಗ ಹಾಕ್ಕೋತೀನಿ, ನೀವು ನಿಶ್ಚಿಂತೆಯಿಂದ ಹೋಗಿ ಅಜ್ಜ, ಅಂದಳು.”